ಇಟಲಿಯಲ್ಲಿ ಮನೆಮಂದಿಗೆಲ್ಲ ಒಂದು ದಿನ: ಯಾವ ಊರು, ಯಾವ ಮ್ಯೂಸಿಯಂ?

ಜರ್ಮನಿಯಲ್ಲೋ ನೆದರ್ಲ್ಯಾಂಡ್ಸ್‌ನಲ್ಲೋ ಇರುವ ಮಗಳ ಮನೆಗೆ ಅಪ್ಪ-ಅಮ್ಮ ಬಂದಿರುತ್ತಾರೆ. ಮೊಮ್ಮಕ್ಕಳಿಗೆ ರಜೆ. ಷೆಂಗೆನ್ ವೀಸಾ ಹೇಗೂ ಇದೆ, ಇಟಲಿ ನೋಡಿಕೊಂಡು ಬಂದುಬಿಡೋಣ ಅನ್ನುವ ಮಾತು ಬರುತ್ತದೆ. ಅಲ್ಲಿಂದ ಶುರು. ಅಪ್ಪನಿಗೆ ರೋಮ್ ಬೇಕು, ಅಮ್ಮನಿಗೆ ವೆನಿಸ್, ಅಳಿಯನಿಗೆ ಫ್ಲಾರೆನ್ಸ್, ಮಕ್ಕಳಿಗೆ ವಾಲಿರುವ ಗೋಪುರ. ಎಲ್ಲವನ್ನೂ ನಾಲ್ಕು ದಿನದಲ್ಲಿ ತುರುಕಿದರೆ ಕೊನೆಗೆ ನೆನಪಿರುವುದು ರೈಲ್ವೆ ಸ್ಟೇಷನ್ನುಗಳು ಮಾತ್ರ.

ಒಂದು ಊರಿಗೆ ಒಂದು ದಿನ ಸಿಗುತ್ತದೆ ಅಂತ ಇಟ್ಟುಕೊಂಡು ಊರುಗಳನ್ನು ಇಲ್ಲಿ ಹೋಲಿಸಿದ್ದೇನೆ. ಯಾವುದು ಹೆಚ್ಚು ಹೆಸರುವಾಸಿ ಅನ್ನುವುದು ನಿಮಗೆ ಗೊತ್ತೇ ಇದೆ. ನಾನು ನೋಡಿದ್ದು ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ಕ್ಯೂ ಅನ್ನುವುದನ್ನು. ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳೂ ಮಂಡಿನೋವಿನ ಅಜ್ಜಿಯೂ ಜೊತೆಗಿದ್ದರೆ ಮಿಲಾನ್ ಅಥವಾ ಟ್ಯೂರಿನ್. ಇನ್ನೊಮ್ಮೆ ಇಟಲಿಗೆ ಬರುವುದು ಅನುಮಾನ ಅಂದರೆ ರೋಮ್, ಆದರೆ ಅಲ್ಲಿ ಕೊಲೋಸಿಯಂ, ವ್ಯಾಟಿಕನ್ ಎರಡರಲ್ಲಿ ಒಂದೇ. ಹೈಸ್ಕೂಲು ಮಕ್ಕಳಿದ್ದರೆ ನೇಪಲ್ಸ್. ಚಿತ್ರ-ಶಿಲ್ಪದ ಹುಚ್ಚಿರುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಮಾತ್ರ ಫ್ಲಾರೆನ್ಸ್. ವೆನಿಸ್ಸಿಗೆ ಹೋಗಿ, ಮ್ಯೂಸಿಯಂ ಬಿಡಿ.

ಯಾವ ಊರಾದರೂ ಸರಿ, ದಿನಕ್ಕೆ ಟಿಕೆಟ್ ಇರುವ ಮ್ಯೂಸಿಯಂ ಒಂದೇ ಇರಲಿ, ಅದೂ ಬೆಳಿಗ್ಗೆಯೇ ಮುಗಿಯಲಿ. ಮಧ್ಯಾಹ್ನದ ಮೇಲೆ ಬಯಲಿನಲ್ಲಿ ನೋಡುವಂಥದ್ದು. ಎರಡನೇ ಮ್ಯೂಸಿಯಂನಲ್ಲಿ ಮಕ್ಕಳು ಬೆಂಚು ಹುಡುಕುತ್ತಾರೆ, ಹಿರಿಯರು ಬಾಯಿಬಿಟ್ಟು ಹೇಳದೆ ಸುಮ್ಮನೆ ನಡೆಯುತ್ತಾರೆ.

ಮೊದಲು ಕ್ಯಾಲೆಂಡರ್

ಊರು ಆರಿಸುವ ಮುಂಚೆ ನಿಮ್ಮ ಕೈಲಿರುವ ದಿನ ಯಾವ ವಾರ ಅಂತ ನೋಡಿ. ಸೋಮವಾರ ಫ್ಲಾರೆನ್ಸಿಗೆ ಹೋದರೆ ಉಫಿತ್ಸಿ ಗ್ಯಾಲರಿಯೂ ಮುಚ್ಚಿರುತ್ತದೆ, ಡೇವಿಡ್ ಶಿಲ್ಪ ಇರುವ ಅಕ್ಕಾಡೇಮಿಯವೂ ಮುಚ್ಚಿರುತ್ತದೆ. ಮಿಲಾನಿನಲ್ಲಿ ಲಿಯೊನಾರ್ಡೊ ಬರೆದ ‘ಕೊನೆಯ ಭೋಜನ’ಕ್ಕೂ, ಅಲ್ಲಿನ ವಿಜ್ಞಾನ ಮ್ಯೂಸಿಯಂಗೂ, ರೋಮಿನ ಬೋರ್ಗೀಸೆ ಗ್ಯಾಲರಿಗೂ ಸೋಮವಾರವೇ ರಜೆ. ನೇಪಲ್ಸಿನ ಪುರಾತತ್ವ ಮ್ಯೂಸಿಯಂ, ಟ್ಯೂರಿನ್ನಿನ ಸಿನಿಮಾ ಮ್ಯೂಸಿಯಂ ಮಂಗಳವಾರ ಬಾಗಿಲು ಹಾಕುತ್ತವೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗ್ಗೆ ಪುಕ್ಕಟೆ ಬಿಡುತ್ತಾರೆ, ಆ ದಿನದ ಕ್ಯೂ ಕೋಟೆಗೋಡೆಯ ಉದ್ದಕ್ಕೂ ನಿಂತಿರುತ್ತದೆ. ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ವಯಸ್ಸಾದವರನ್ನು ಕರೆದುಕೊಂಡು ಆ ಉಚಿತದ ಆಸೆಗೆ ಬೀಳಬೇಡಿ.

ಸೋಮವಾರವೇ ಗತಿ ಅಂದರೆ ರೋಮಿನ ಕೊಲೋಸಿಯಂ ಅಥವಾ ವೆನಿಸ್ಸನ್ನು ಹಿಂದೆ ಆಳುತ್ತಿದ್ದ ಡೋಜೆಗಳ ಅರಮನೆ ಇದೆ. ಫ್ಲಾರೆನ್ಸಿನಲ್ಲೇ ಇದ್ದರೆ ಗೆಲಿಲಿಯೊ ಮ್ಯೂಸಿಯಂ ತೆರೆದಿರುತ್ತದೆ. ಮಕ್ಕಳ ಮಟ್ಟಿಗೆ ಅದು ಉಫಿತ್ಸಿಗಿಂತ ಒಳ್ಳೆಯದು, ಅದರ ವಿಷಯ ಮುಂದೆ ಬರುತ್ತದೆ.

ಟಿಕೆಟ್ಟಿನ ಲೆಕ್ಕ

ಇಲ್ಲಿ ಒಂದು ಸೂಕ್ಷ್ಮ ಇದೆ. ಇಟಲಿ ಸರ್ಕಾರ ನಡೆಸುವ ಜಾಗಗಳಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಟಿಕೆಟ್ ಇಲ್ಲ. ಕೊಲೋಸಿಯಂ, ನೇಪಲ್ಸ್ ಹತ್ತಿರದ ಪ್ರಾಚೀನ ಊರು ಪೊಂಪೇ, ಉಫಿತ್ಸಿ, ಅಕ್ಕಾಡೇಮಿಯ, ‘ಕೊನೆಯ ಭೋಜನ’ ಎಲ್ಲ ಈ ಪಟ್ಟಿಗೆ ಸೇರುತ್ತವೆ. ವ್ಯಾಟಿಕನ್ ಬೇರೆಯೇ ದೇಶ. ಫ್ಲಾರೆನ್ಸ್ ಮತ್ತು ಮಿಲಾನಿನ ಡುವೋಮೊ, ಅಂದರೆ ಊರಿನ ಮುಖ್ಯ ಚರ್ಚು, ತಮ್ಮದೇ ಸಂಸ್ಥೆಗಳ ಕೈಲಿವೆ. ಡೋಜೆ ಅರಮನೆ ನಗರಸಭೆಯದು. ಅಲ್ಲೆಲ್ಲ ಮಕ್ಕಳ ದರ ಬೇರೆ ಬೇರೆ. ಮೂರು ಮಕ್ಕಳಿರುವ ಸಂಸಾರಕ್ಕೆ ರೋಮಿನ ಕೊಲೋಸಿಯಂ ದಿನಕ್ಕೂ ವ್ಯಾಟಿಕನ್ ದಿನಕ್ಕೂ ಖರ್ಚಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುವುದು ಇದರಿಂದಲೇ.

ಟಿಕೆಟ್ ಉಚಿತ ಅಂದಮಾತ್ರಕ್ಕೆ ಬುಕಿಂಗ್ ಬೇಡ ಅಂತಲ್ಲ. ಮಕ್ಕಳ ಹೆಸರಿನಲ್ಲೂ ಸೊನ್ನೆ ಯೂರೋ ಟಿಕೆಟ್ ತೆಗೆಯಬೇಕು. ಅಜ್ಜ-ಅಜ್ಜಿಗೆ ಹಿರಿಯರ ರಿಯಾಯಿತಿ ಸಿಗುತ್ತದೆ ಅಂದುಕೊಂಡಿದ್ದರೆ ಅದು ಸರ್ಕಾರಿ ಮ್ಯೂಸಿಯಂಗಳಲ್ಲಿ ಇಲ್ಲ, 2014ರಲ್ಲೇ ತೆಗೆದುಹಾಕಿದರು. 18ರಿಂದ 25ರವರೆಗಿನ ಅಗ್ಗದ ಟಿಕೆಟ್ ಯೂರೋಪಿಯನ್ ಒಕ್ಕೂಟದ ಪ್ರಜೆಗಳಿಗೆ, ಭಾರತದ ಪಾಸ್‌ಪೋರ್ಟ್ ಇರುವ ಕಾಲೇಜು ಹುಡುಗನಿಗೆ ಪೂರ್ತಿ ದರ.

ಕೊಲೋಸಿಯಂ ಮತ್ತು ಪೊಂಪೇ ಟಿಕೆಟ್ಟಿನ ಮೇಲೆ ಹೆಸರು ಅಚ್ಚಾಗಿರುತ್ತದೆ, ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ನಮ್ಮ ಕಡೆಯವರಿಗೆ ಇದು ಸ್ವಲ್ಪ ತಲೆನೋವು. ಮನೆಯಲ್ಲಿ ಎಚ್.ಎಸ್. ಸುಬ್ಬರಾವ್ ಆದವರು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿಕೊಂಡು ಉದ್ದವಾಗಿರುತ್ತಾರೆ. ಬುಕ್ ಮಾಡುವಾಗ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿರುವ ಹಾಗೇ ತುಂಬಿ, ಇನಿಶಿಯಲ್ ಹಾಕಬೇಡಿ.

ರೋಮ್: ಮೂರು ಬಗೆಯ ದಿನ

ರೋಮಿನಲ್ಲಿ ಒಂದೇ ದಿನ ಇದ್ದವರು ಸಾಮಾನ್ಯವಾಗಿ ಬೆಳಿಗ್ಗೆ ವ್ಯಾಟಿಕನ್, ಮಧ್ಯಾಹ್ನ ಕೊಲೋಸಿಯಂ ಅಂತ ಹಾಕಿಕೊಳ್ಳುತ್ತಾರೆ. ಕಾಗದದ ಮೇಲೆ ಆಗುತ್ತದೆ. ಜೊತೆಗೆ ಎಪ್ಪತ್ತರ ಆಸುಪಾಸಿನವರಿದ್ದರೆ ಆಗುವುದಿಲ್ಲ.

ಕೊಲೋಸಿಯಂ ದಿನವನ್ನೇ ಮೊದಲು ನೋಡೋಣ. ಮೆಟ್ರೊ ಬಿ ಲೈನಿನ ಕೊಲೋಸಿಯೊ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕಟ್ಟಡ, ಹುಡುಕುವ ಕೆಲಸವೇ ಇಲ್ಲ. ಚಕ್ರವರ್ತಿ ವೆಸ್ಪೇಷಿಯನ್ ಶುರುಮಾಡಿದ್ದನ್ನು ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ಸುಮಾರು 50,000 ಜನ ಕೂತು ನೋಡುತ್ತಿದ್ದರು ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ಒಳಗೆ ಮೇಲಿನ ಹಂತಕ್ಕೆ ಲಿಫ್ಟ್ ಇದೆ, ಹಾಗಾಗಿ ಅಜ್ಜಿಯೂ ಮೇಲಿನಿಂದ ಅಖಾಡದ ನೆಲಮಾಳಿಗೆಯ ಗೂಡುಗಳನ್ನು ನೋಡಬಹುದು. ಪ್ರಾಣಿಗಳನ್ನು ಅಲ್ಲಿಂದ ಹಗ್ಗ-ರಾಟೆಗಳಲ್ಲಿ ಮೇಲಕ್ಕೆತ್ತುತ್ತಿದ್ದರು ಅಂದರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ಕಷ್ಟ ಇರುವುದು ಅದೇ ಟಿಕೆಟ್ಟಿನಲ್ಲಿ ಸೇರಿರುವ ಫೋರಂ, ಅಂದರೆ ಹಳೆಯ ರೋಮಿನ ಚೌಕ, ಮತ್ತು ಪಲಟೈನ್ ಗುಡ್ಡದಲ್ಲಿ. ಎರಡು ಸಾವಿರ ವರ್ಷ ಸವೆದ ದಪ್ಪ ಕಪ್ಪುಕಲ್ಲಿನ ದಾರಿ, ಕಲ್ಲಿಗೂ ಕಲ್ಲಿಗೂ ನಡುವೆ ಸಂದು, ನೆರಳು ಕಡಿಮೆ. ಮಗುವಿನ ತಳ್ಳುಗಾಡಿ ಅಲ್ಲಿ ಹೊತ್ತುಕೊಂಡು ಹೋಗುವ ಸಾಮಾನಾಗುತ್ತದೆ. ಹಿರಿಯರನ್ನು ಕೊಲೋಸಿಯಂ ಆದಮೇಲೆ ಕಾಫಿ ಬಾರಿನಲ್ಲಿ ಕೂರಿಸಿ, ಆಸಕ್ತಿ ಇರುವವರು ಮಾತ್ರ ಫೋರಂ ಒಂದು ಸುತ್ತು ಹಾಕಿ ಬರುವುದು ವಾಸಿ. ಸಾಮಾನ್ಯ ಟಿಕೆಟ್ 18 ಯೂರೋ, 30 ದಿನ ಮುಂಚೆ ಆನ್‌ಲೈನಿನಲ್ಲಿ ತೆರೆಯುತ್ತದೆ. ಬೀದಿಯಲ್ಲಿ ‘ಕ್ಯೂ ಇಲ್ಲದೆ ಒಳಗೆ ಬಿಡಿಸುತ್ತೇವೆ’ ಅಂತ ಕೊರಳಿಗೆ ಕಾರ್ಡು ಹಾಕಿಕೊಂಡು ಬರುವವರನ್ನು ದಾಟಿಕೊಂಡು ಹೋಗಿ.

ವ್ಯಾಟಿಕನ್ ದಿನ ಇದಕ್ಕಿಂತ ದಣಿವಿನದು, ನೋಡುವುದೂ ಹೆಚ್ಚು. ಪ್ರವೇಶದಿಂದ ಸಿಸ್ಟೈನ್ ಚಾಪೆಲ್ ಅನ್ನುವ ಪ್ರಾರ್ಥನಾ ಮಂದಿರದವರೆಗೆ ಹಾದಿ ಉದ್ದ, ಜನರ ಹೊಳೆಯೊಂದಿಗೆ ಹೋಗುವುದು ಬಿಟ್ಟು ಬೇರೆ ಉಪಾಯ ಇಲ್ಲ. ಹಾದಿಯಲ್ಲಿ ಭೂಪಟಗಳ ಗ್ಯಾಲರಿ ಬರುತ್ತದೆ, ಗೋಡೆಯ ಎರಡೂ ಕಡೆ ಇಡೀ ಇಟಲಿಯನ್ನು 1580ರ ದಶಕದಲ್ಲಿ ಬರೆದ ದೊಡ್ಡ ನಕಾಶೆಗಳು. ಅವರವರು ಹೋಗಲಿರುವ ಊರನ್ನು ಹುಡುಕಿ ಅಂತ ಮಕ್ಕಳಿಗೆ ಅಲ್ಲಿ ಕೆಲಸ ಕೊಡಿ. ಸಿಸ್ಟೈನ್ ಚಾಪೆಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ, ಗದ್ದಲ ಏರಿದರೆ ಕಾವಲಿನವರು ‘ಸಿಲೆಂತ್ಸಿಯೊ’ ಅಂತ ಕೂಗುತ್ತಾರೆ. ಗೋಡೆಯ ಉದ್ದಕ್ಕೂ ಬೆಂಚುಗಳಿವೆ. ಒಂದು ಜಾಗ ಖಾಲಿಯಾದ ತಕ್ಷಣ ಅಮ್ಮನನ್ನು ಕೂರಿಸಿ, ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಕತ್ತೆತ್ತಿ ಚಾವಣಿಯ ಮೇಲೆ ಬರೆದದ್ದನ್ನು ನಿಂತು ನೋಡಿದರೆ ನಮ್ಮ ಕತ್ತೂ ಹಿಡಿದುಕೊಳ್ಳುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಸೀರೆ, ಚೂಡಿದಾರದವರಿಗೆ ಯೋಚನೆ ಇಲ್ಲ, ತೋಳಿಲ್ಲದ ಟೀಶರ್ಟಿನ ಹುಡುಗಿಯರಿಗೆ ಒಂದು ದುಪಟ್ಟಾ ಬ್ಯಾಗಿನಲ್ಲಿರಲಿ. ಸೇಂಟ್ ಪೀಟರ್ಸ್ ಬೆಸಿಲಿಕಾದ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಹಿಡಿದರೂ ಕೊನೆಯ 320 ಹತ್ತಲೇಬೇಕು, ಕೊನೆಕೊನೆಗೆ ಗೋಡೆಯೇ ಓರೆಯಾಗಿ ಮೈಮೇಲೆ ಬಂದಂತಾಗುತ್ತದೆ.

ಮೂರನೆಯದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ನನಗೆ ಅದೇ ಇಷ್ಟ. ಬೋರ್ಗೀಸೆ ಗ್ಯಾಲರಿ. ಮುಂಗಡ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, ಒಮ್ಮೆಗೆ ಎರಡು ಗಂಟೆಯ ಪಾಳಿ, ಹಾಗಾಗಿ ನೂಕುನುಗ್ಗಲು ಇಲ್ಲ. ಬೆರ್ನಿನಿಯ ಶಿಲ್ಪಗಳ ಸುತ್ತ ಒಂದು ಸುತ್ತು ಬನ್ನಿ. ಅಪೊಲೊ ಮುಟ್ಟುವ ಹೊತ್ತಿಗೆ ದಾಫ್ನೆ ಮರವಾಗುತ್ತಿದ್ದಾಳೆ, ಬೆರಳ ತುದಿಯಲ್ಲಿ ಎಲೆ ಚಿಗುರುತ್ತಿದೆ, ಬೆಳಕು ಆರುಪಾರು ಬರುವಷ್ಟು ತೆಳ್ಳಗೆ ಅಮೃತಶಿಲೆ ಕಡೆದಿದ್ದಾನೆ. ಪಕ್ಕದ ಕೋಣೆಯಲ್ಲಿ ಪ್ಲೂಟೊನ ಬೆರಳುಗಳು ಪ್ರೊಸೆರ್ಪಿನಾಳ ತೊಡೆಯ ಮೇಲೆ ಒತ್ತಿ ಕಲ್ಲೇ ತಗ್ಗಾಗಿದೆ. ಎರಡು ಗಂಟೆ ಮುಗಿದು ಹೊರಗೆ ಬಂದರೆ ದೊಡ್ಡ ಉದ್ಯಾನ, ಮನೆಮಂದಿಯೆಲ್ಲ ಕೂತು ತುಳಿಯುವ ನಾಲ್ಕು ಚಕ್ರದ ಸೈಕಲ್ ಬಾಡಿಗೆಗೆ ಸಿಗುತ್ತದೆ. ಸಂಜೆ ಪುರಾತನ ರೋಮನ್ ದೇವಾಲಯ ಪ್ಯಾಂಥಿಯನ್ ನೋಡಬಹುದು, 2023ರ ಜುಲೈಯಿಂದ ಅದಕ್ಕೂ ಟಿಕೆಟ್ ಬಂದಿದೆ. ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೂತು, ಮಳೆ ಬಂದರೆ ನೀರು ನೇರ ಒಳಗೆ ಬಿದ್ದು ನೆಲದ ಸಣ್ಣ ರಂಧ್ರಗಳಲ್ಲಿ ಇಳಿದು ಹೋಗುತ್ತದೆ. ಕೊಲೋಸಿಯಂ ಹೊರಗಿನಿಂದ ನೋಡಲು ದುಡ್ಡಿಲ್ಲ, ರಾತ್ರಿ ದೀಪದಲ್ಲಿ ನೋಡಿ ಬಂದರೆ ಅಪ್ಪನ ಆಸೆಯೂ ತೀರುತ್ತದೆ.

ರೋಮಿನಲ್ಲಿ ನೀರಿಗೆ ದುಡ್ಡು ಕೊಡಬೇಡಿ. ಬೀದಿಬೀದಿಯಲ್ಲಿ ‘ನಾಸೋನೆ’ ಅನ್ನುವ ಕಬ್ಬಿಣದ ನಲ್ಲಿಗಳಲ್ಲಿ ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಹರಿಯುತ್ತಿರುತ್ತದೆ. ಕೊಳವೆಯ ಬಾಯಿ ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ಕಾರಂಜಿ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಫ್ಲಾರೆನ್ಸ್, ಪಕ್ಕದಲ್ಲಿ ಪೀಸಾ

ರೋಮಿನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿನಲ್ಲಿ ಇಳಿದರೆ ಡುವೋಮೊಗೆ ಹತ್ತು ನಿಮಿಷದ ನಡಿಗೆ, ನೋಡಬೇಕಾದ್ದೆಲ್ಲ ಕೈಗೆಟುಕುವ ದೂರದಲ್ಲಿದೆ. ಊರು ಚಿಕ್ಕದು, ಸಮತಟ್ಟು. ಆ ಲೆಕ್ಕದಲ್ಲಿ ರೋಮಿಗಿಂತ ಕಾಲಿಗೆ ಹಿತ.

ಮಕ್ಕಳಿರುವವರು ಉಫಿತ್ಸಿಯೋ ಅಕ್ಕಾಡೇಮಿಯವೋ ಅಂತ ಕೇಳಿದರೆ ಅಕ್ಕಾಡೇಮಿಯ ಅನ್ನುತ್ತೇನೆ. ಒಂದು ಗಂಟೆಯ ಕೆಲಸ. ಉದ್ದನೆಯ ಹಜಾರದ ಕೊನೆಯಲ್ಲಿ ಡೇವಿಡ್ ನಿಂತಿದ್ದಾನೆ, 5.17 ಮೀಟರ್. ಬೇರೆ ಶಿಲ್ಪಿಗಳು ಕೈಹಾಕಿ ಬಿಟ್ಟಿದ್ದ ಬಂಡೆಯಲ್ಲಿ ಮೈಕೆಲ್ಯಾಂಜೆಲೊ 1501ರಿಂದ 1504ರವರೆಗೆ ಕೆತ್ತಿದ್ದು. ಬಲಗೈಯ ಹಿಂಭಾಗ ನೋಡಿ, ಉಬ್ಬಿದ ನರಗಳು ಕಾಣುತ್ತವೆ. ಅಲ್ಲಿಗೆ ಹೋಗುವ ದಾರಿಯ ಎರಡೂ ಬದಿ ಅವನ ಅರೆಬರೆ ಕೆತ್ತಿದ ‘ಬಂದಿಗಳು’. ಒಬ್ಬನ ಭುಜ, ಇನ್ನೊಬ್ಬನ ಹೊಟ್ಟೆ ಕಲ್ಲಿನಿಂದ ಹೊರಬಂದಿದೆ, ತಲೆ ಇನ್ನೂ ಒಳಗೇ ಇದೆ. ಉಳಿಯ ಗೀರುಗಳು ಹಾಗೇ ಉಳಿದಿವೆ. ಡೇವಿಡ್‌ಗಿಂತ ಇವುಗಳ ಮುಂದೆ ನಿಂತವರನ್ನು ಕದಲಿಸುವುದು ಕಷ್ಟ.

ಉಫಿತ್ಸಿಗೆ ಮೂರು ಗಂಟೆಯಾದರೂ ಬೇಕು. ಬೋಟಿಚೆಲ್ಲಿಯ ‘ವೀನಸ್ ಜನನ’, ಕಾರವಾಜಿಯೊ, ಲಿಯೊನಾರ್ಡೊ ಎಲ್ಲ ಅಲ್ಲಿದ್ದಾರೆ. ಈ ಸಂಪತ್ತು ಊರಲ್ಲೇ ಉಳಿದದ್ದಕ್ಕೆ ಕಾರಣ ಒಬ್ಬ ಹೆಂಗಸು. ಫ್ಲಾರೆನ್ಸನ್ನು ಆಳಿದ ಮೆದಿಚಿ ಮನೆತನದ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಒಂದು ಒಪ್ಪಂದ ಬರೆಸಿದಳು, ಮನೆತನದ ಕಲಾಸಂಗ್ರಹ ಫ್ಲಾರೆನ್ಸ್ ಬಿಟ್ಟು ಹೊರಗೆ ಹೋಗಕೂಡದು ಅಂತ. ಚಿತ್ರಕಲೆ ಗೊತ್ತಿರುವವರು ಒಬ್ಬರೇ ಉಫಿತ್ಸಿಗೆ ಹೋಗಲಿ, ಉಳಿದವರು ಅದರ ಬೆನ್ನಿಗೇ ಇರುವ ಗೆಲಿಲಿಯೊ ಮ್ಯೂಸಿಯಂಗೆ. ಅವನ ಕೈಯಾರೆ ಬಳಸಿದ ದೂರದರ್ಶಕಗಳಿವೆ, ಗಾಜಿನ ಬಟ್ಟಲಿನೊಳಗೆ ಅವನ ನಡುಬೆರಳೂ ಇದೆ! ಅವನನ್ನು ಹೊಸ ಸಮಾಧಿಗೆ ಸಾಗಿಸುವಾಗ ಅಭಿಮಾನಿಗಳು ಕಿತ್ತಿಟ್ಟುಕೊಂಡದ್ದು. ಹತ್ತು ವರ್ಷದ ಹುಡುಗ ವೀನಸ್ಸನ್ನು ಮರೆಯುತ್ತಾನೆ, ಆ ಬೆರಳನ್ನು ಮರೆಯುವುದಿಲ್ಲ.

ಡುವೋಮೊದ ಮೇಲೆ ಬ್ರೂನೆಲೆಸ್ಕಿ ಕಟ್ಟಿದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಊರನ್ನು ಮೇಲಿನಿಂದ ನೋಡಬೇಕು ಅನ್ನುವ ಹಿರಿಯರಿಗೆ ಬಸ್ಸು ಹತ್ತಿ ಗುಡ್ಡದ ಮೇಲಿನ ಚೌಕ ಪಿಯಾತ್ಸಾಲೆ ಮೈಕೆಲ್ಯಾಂಜೆಲೊಗೆ ಹೋಗುವುದೇ ಸರಿ. ಗುಮ್ಮಟದ ಮೇಲೆ ನಿಂತರೆ ಗುಮ್ಮಟವೇ ಕಾಣುವುದಿಲ್ಲ, ಇಲ್ಲಿಂದ ಅದೂ ಕಾಣುತ್ತದೆ.

ಪೀಸಾಕ್ಕೆ ಫ್ಲಾರೆನ್ಸಿನಿಂದ ಒಂದು ಗಂಟೆಯ ರೈಲು. ಗೋಪುರ, ಪಕ್ಕದ ಚರ್ಚು, ಹುಲ್ಲುಹಾಸು, ಕೈ ಚಾಚಿ ಗೋಪುರ ತಡೆಯುವ ಫೋಟೊ. ಎರಡು ಗಂಟೆ ಸಾಕು. 1173ರಲ್ಲಿ ಶುರುವಾಗಿ ಮೂರನೇ ಅಂತಸ್ತಿಗೆ ಬರುವಾಗಲೇ ಮೆತ್ತನೆಯ ಮಣ್ಣಿನಲ್ಲಿ ಕುಸಿಯತೊಡಗಿತ್ತು. ವಾಲಿಕೆ ಕಡಿಮೆ ಮಾಡಲು 1990ರಿಂದ 2001ರವರೆಗೆ ಮುಚ್ಚಿ ಅಡಿಯ ಮಣ್ಣು ತೆಗೆದು ಸರಿಮಾಡಿದರು. ಎಂಟು ವರ್ಷದೊಳಗಿನ ಮಕ್ಕಳನ್ನು ಗೋಪುರ ಹತ್ತಲು ಬಿಡುವುದಿಲ್ಲ. ಅಲ್ಲಿ ಹೋದಮೇಲೆ ಗೊತ್ತಾದರೆ ಅಳು ನಿಲ್ಲಿಸುವುದು ಕಷ್ಟ, ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಇಡೀ ದಿನ ಪೀಸಾಕ್ಕೆ ಕೊಡುವಂಥದ್ದು ಏನಿಲ್ಲ.

ವೆನಿಸ್: ಊರೇ ಮ್ಯೂಸಿಯಂ

ವೆನಿಸ್ಸಿನಲ್ಲಿ ಕಾರಿಲ್ಲ, ಬಸ್ಸಿಲ್ಲ. ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಹತ್ತಿ ಇಳಿದು, ಹತ್ತಿ ಇಳಿದು ಮಂಡಿಯವರು ಸುಸ್ತಾಗುತ್ತಾರೆ. ಮೇಲೆ ಸೂಟ್‌ಕೇಸ್ ಇದ್ದರಂತೂ ಕೇಳಬೇಡಿ, ಸ್ಟೇಷನ್ನಿನ ಲಗೇಜ್ ಕೌಂಟರಿನಲ್ಲಿ ಬಿಟ್ಟು ಹೊರಡಿ. ರೈಲು ಇಳಿಯುವುದು ಸಾಂತಾ ಲೂಚಿಯಾದಲ್ಲಿ, ಅದಕ್ಕೂ ಮುಂಚೆ ಬರುವ ಮೆಸ್ತ್ರೆ ಇನ್ನೂ ಗಟ್ಟಿ ನೆಲದ ಮೇಲಿರುವ ಊರು.

ಇದಕ್ಕೆ ಪರಿಹಾರ ವಪೊರೆತ್ತೊ, ಅಂದರೆ ದೋಣಿ ಬಸ್ಸು. ಒಂದನೇ ನಂಬರಿನದು ಸ್ಟೇಷನ್ನಿನ ಎದುರಿನಿಂದ ಗ್ರಾಂಡ್ ಕೆನಾಲ್ ಉದ್ದಕ್ಕೂ ಸ್ಯಾನ್ ಮಾರ್ಕೊವರೆಗೆ ಮುಕ್ಕಾಲು ಗಂಟೆ ತೆವಳುತ್ತದೆ, ಅರಮನೆಗಳೆಲ್ಲ ಕಿಟಕಿಯ ಹೊರಗೇ ಬರುತ್ತವೆ. 75 ನಿಮಿಷದ ಟಿಕೆಟ್ 9.50 ಯೂರೋ. ದುಬಾರಿ ಅನ್ನಿಸಿದರೂ ಗೊಂಡೋಲಾದ ಸರ್ಕಾರಿ ದರ ಹಗಲಿನಲ್ಲಿ 30 ನಿಮಿಷಕ್ಕೆ 90 ಯೂರೋ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಆ ದರ ಇಡೀ ದೋಣಿಗೆ, ಐದು ಜನ ಕೂರಬಹುದು, ಹಾಗಾಗಿ ಐವರ ಸಂಸಾರಕ್ಕೆ ತೀರಾ ಅನ್ಯಾಯವೇನಲ್ಲ. ಫೋಟೊಗೆ ಮಾತ್ರ ಸಾಕು ಅಂದರೆ ಟ್ರಾಗೆತ್ತೊ ಇದೆ. ಸೇತುವೆ ಇಲ್ಲದ ಕಡೆ ಕಾಲುವೆ ದಾಟಿಸುವ ಹಳೆಯ ಗೊಂಡೋಲಾ, ಒಬ್ಬರಿಗೆ ಒಂದೆರಡು ಯೂರೋ.

ಸ್ಯಾನ್ ಮಾರ್ಕೊ ಚೌಕದ ಗಂಟೆಗೋಪುರಕ್ಕೆ ಲಿಫ್ಟ್ ಇದೆ, ಅಜ್ಜಿಯನ್ನು ಎತ್ತರದಿಂದ ಒಂದು ಊರು ನೋಡಲು ಕರೆದೊಯ್ಯಬಹುದಾದ ಇಟಲಿಯ ಕೆಲವೇ ಜಾಗಗಳಲ್ಲಿ ಇದೊಂದು. 1902ರಲ್ಲಿ ಹಳೆಯದು ಕುಸಿದುಬಿದ್ದು 1912ರಲ್ಲಿ ಅದೇ ಆಕಾರದಲ್ಲಿ ಎದ್ದದ್ದು. ಡೋಜೆ ಅರಮನೆ ಭವ್ಯ, ನಿಟ್ಟುಸಿರ ಸೇತುವೆ ದಾಟಿ ಸೆರೆಮನೆ ಕೋಣೆಗಳಿಗೆ ಹೋಗುವುದು ದೊಡ್ಡ ಮಕ್ಕಳಿಗೆ ಮಜಾ. ಆದರೆ ಒಂದೇ ದಿನಕ್ಕೆ ಬಂದವರು ಅಷ್ಟು ಹೊತ್ತು ಚಾವಣಿಯ ಕೆಳಗೆ ಯಾಕೆ ಇರಬೇಕು?

ಎರಡು ಎಚ್ಚರಿಕೆ. ರಾತ್ರಿ ತಂಗದೆ ಬಂದು ಹೋಗುವವರಿಗೆ 2024ರಿಂದ ಪ್ರವೇಶ ಶುಲ್ಕ ಇದೆ. ವಸಂತ-ಬೇಸಿಗೆಯ ಆಯ್ದ ದಿನಗಳಲ್ಲಿ ಮಾತ್ರ. ಮುಂಚಿತವಾಗಿ ಕಟ್ಟಿದರೆ 5 ಯೂರೋ, ಕೊನೆ ಗಳಿಗೆಯಲ್ಲಿ 10, ಹದಿನಾಲ್ಕರೊಳಗಿನ ಮಕ್ಕಳಿಗಿಲ್ಲ. ಇನ್ನೊಂದು, ಬುತ್ತಿಯ ವಿಷಯ. ಸ್ಯಾನ್ ಮಾರ್ಕೊ ಚೌಕದ ಮೆಟ್ಟಿಲ ಮೇಲೆ ಕೂತು ಚಪಾತಿ ಡಬ್ಬಿ ಬಿಚ್ಚಿದರೆ ದಂಡ ಬೀಳುತ್ತದೆ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ. ರೋಮಿನ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೂ ಕೂರುವಂತಿಲ್ಲ.

ಮಿಲಾನ್, ಟ್ಯೂರಿನ್: ಯಾರೂ ಮೊದಲು ಹೇಳದ ಉತ್ತರ

ಮಿಲಾನ್ ಅಂದರೆ ಫ್ಯಾಷನ್, ಶಾಪಿಂಗ್ ಅಂತ ಬಿಟ್ಟುಬಿಡುವವರೇ ಹೆಚ್ಚು. ಮಕ್ಕಳು-ಮುದುಕರು ಇರುವ ಗುಂಪಿಗೆ ಇದರಷ್ಟು ಸಲೀಸಾದ ಊರು ಈ ಪಟ್ಟಿಯಲ್ಲಿಲ್ಲ. ಮೆಟ್ರೊ ಡುವೋಮೊದ ಎದುರಿಗೇ ತಂದು ಬಿಡುತ್ತದೆ. 1386ರಲ್ಲಿ ಶುರುವಾದ ಈ ಚರ್ಚಿನ ಚಾವಣಿಯ ಮೇಲೆ ಓಡಾಡಬಹುದು, ಬಹುಪಾಲು ಎತ್ತರ ಲಿಫ್ಟಿನಲ್ಲೇ ಆಗುತ್ತದೆ, ಆಮೇಲೆ ಒಂದಷ್ಟು ಮೆಟ್ಟಿಲು. ಕಲ್ಲಿನ ಶಿಖರಗಳ ನಡುವೆ ನಡೆಯುವಾಗ ಒಂದೊಂದು ತುದಿಗೂ ಒಬ್ಬೊಬ್ಬ ಸಂತ ನಿಂತಿರುತ್ತಾನೆ.

‘ಕೊನೆಯ ಭೋಜನ’ದ ಟಿಕೆಟ್ ಸಿಗುವುದೇ ದೊಡ್ಡ ಕೆಲಸ, ತಿಂಗಳುಗಳ ಮುಂಚೆ ಕಂತುಕಂತಾಗಿ ಬಿಡುತ್ತಾರೆ, ಬಿಟ್ಟ ಕೂಡಲೇ ಖಾಲಿ. ಸಿಕ್ಕಿದರೆ ಒಳಗೆ ಇರಲು ಬಿಡುವುದು 15 ನಿಮಿಷ. ಬೈಯುವವರು ಬೈಯಲಿ, ಮಕ್ಕಳ ತಾಳ್ಮೆಗೆ ಇದಕ್ಕಿಂತ ಸರಿಯಾದ ಅಳತೆ ಯಾವ ಮ್ಯೂಸಿಯಂನಲ್ಲೂ ಇಲ್ಲ. ಒಂದರ ಹಿಂದೊಂದು ಗಾಜಿನ ಬಾಗಿಲು ತೆರೆದು ಮುಚ್ಚಿ ಒಳಗೆ ಬಿಡುತ್ತಾರೆ, ಧೂಳು-ತೇವ ಬರಬಾರದು ಅಂತ. ಲಿಯೊನಾರ್ಡೊ ಹಸಿ ಗಾರೆಯ ಮೇಲೆ ಬರೆಯದೆ ಕ್ರೈಸ್ತ ಮಠದ ಊಟದ ಹಜಾರದ ಒಣ ಗೋಡೆಯ ಮೇಲೆ ಬರೆದ, ಅವನು ಬದುಕಿರುವಾಗಲೇ ಬಣ್ಣ ಉದುರಲು ಶುರುವಾಗಿತ್ತು. ನಡುವೆ ಯಾರೋ ಬಾಗಿಲು ಕೊರೆದು ಏಸುವಿನ ಪಾದಗಳನ್ನೇ ಕತ್ತರಿಸಿದರು. 1943ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ಆ ಊಟದ ಹಜಾರದ ಚಾವಣಿ, ಪಕ್ಕದ ಗೋಡೆ ಬಿದ್ದವು. ಮರಳುಚೀಲ ಒಡ್ಡಿದ್ದ ಈ ಗೋಡೆ ನಿಂತಿತು.

ಟಿಕೆಟ್ ಸಿಗದಿದ್ದರೆ ಮರುಗಬೇಡಿ, ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಲಿಯೊನಾರ್ಡೊ ಹೆಸರಿನ ವಿಜ್ಞಾನ-ತಂತ್ರಜ್ಞಾನ ಮ್ಯೂಸಿಯಂ ಇದೆ. ಅವನ ನಕ್ಷೆಗಳಿಂದ ಮರದಲ್ಲಿ ಮಾಡಿದ ಯಂತ್ರಗಳು, ಹಳೆಯ ಉಗಿಬಂಡಿಗಳು, ಅಂಗಳದಲ್ಲಿ ‘ಎನ್ರಿಕೊ ಟೋಟಿ’ ಅನ್ನುವ ನಿಜವಾದ ಜಲಾಂತರ್ಗಾಮಿ. ಜಲಾಂತರ್ಗಾಮಿಯ ಒಳಹೊಕ್ಕು ನೋಡಲು ಬೇರೆ ಬುಕಿಂಗ್ ಬೇಕು. ಹುಡುಗರು ಅಲ್ಲಿಂದ ಹೊರಡುವುದಿಲ್ಲ, ನಿವೃತ್ತ ಇಂಜಿನಿಯರ್ ಅಜ್ಜಂದಿರೂ ಹೊರಡುವುದಿಲ್ಲ.

ಟ್ಯೂರಿನ್ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ. ಬೀದಿಗಳು ನೇರ, ಸಮತಟ್ಟು, ಕಿಲೋಮೀಟರ್‌ಗಟ್ಟಲೆ ಕಮಾನು ಹಜಾರಗಳ ಕೆಳಗೇ ನಡೆಯಬಹುದು. ಮಳೆಯಿಲ್ಲ, ಬಿಸಿಲಿಲ್ಲ. 1824ರಲ್ಲಿ ಸ್ಥಾಪನೆಯಾದ ಈಜಿಪ್ಟ್ ಮ್ಯೂಸಿಯಂ ಈಜಿಪ್ಟಿಗೇ ಮೀಸಲಾದ ಮ್ಯೂಸಿಯಂಗಳಲ್ಲಿ ಎಲ್ಲಕ್ಕಿಂತ ಹಳೆಯದು. ಮಮ್ಮಿಗಳಿರುವುದರಿಂದ ಮಕ್ಕಳನ್ನು ಒಪ್ಪಿಸುವ ಕೆಲಸವೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಖಾ ಮತ್ತು ಮೆರಿತ್ ಅನ್ನುವ ಗಂಡಹೆಂಡತಿಯ ಸಮಾಧಿಯಲ್ಲಿ 1906ರಲ್ಲಿ ಹಾಗೇ ಸಿಕ್ಕ ಸಾಮಾನು. ಕಟ್ಟಡ ಕೆಲಸದ ಮೇಸ್ತ್ರಿ ಅವನು. ಮಡಿಸಿಟ್ಟ ಬಟ್ಟೆ, ಹಾಸಿಗೆ, ಹೆಂಡತಿಯ ಚೌರಿ, ಮೂರು ಸಾವಿರ ವರ್ಷಕ್ಕೂ ಹಳೆಯ ರೊಟ್ಟಿಗಳು. ರಾಜನ ಬಂಗಾರ ನೋಡಿದಾಗ ಹೀಗನಿಸುವುದಿಲ್ಲ. ಸೋಮವಾರ ಮಧ್ಯಾಹ್ನ 2ಕ್ಕೆ ಮುಚ್ಚುತ್ತಾರೆ. ಸಂಜೆಗೆ ಮೋಲೆ ಆಂಟೊನೆಲಿಯಾನಾ. ಯಹೂದಿಗಳ ಪ್ರಾರ್ಥನಾಲಯ ಆಗಬೇಕೆಂದು ಶುರುವಾದ 167 ಮೀಟರ್ ಎತ್ತರದ ಕಟ್ಟಡ ಈಗ ಸಿನಿಮಾ ಮ್ಯೂಸಿಯಂ. ಅದರ ಟೊಳ್ಳು ಗುಮ್ಮಟದ ನಡುವೆ ಗಾಜಿನ ಲಿಫ್ಟ್ ಬರೀ ತಂತಿಗಳ ಮೇಲೆ ನೇರ ಮೇಲಕ್ಕೆ ಹೋಗುತ್ತದೆ. ತಲೆಸುತ್ತಿನವರು ಕೆಳಗೇ ಇರುವುದು ಲೇಸು.

ಮಕ್ಕಳಿಗೆ ದಾರಿಖರ್ಚಿಲ್ಲದ ಒಂದು ಆಟ ಇದೆ. ಇಟಲಿಯಲ್ಲಿ ಟಂಕಿಸಿದ ಯೂರೋ ಚಿಲ್ಲರೆಯ ಹಿಂಬದಿ ನೋಡಲು ಹೇಳಿ. 2 ಸೆಂಟಿನ ಮೇಲೆ ಇದೇ ಮೋಲೆ, 5 ಸೆಂಟಿನ ಮೇಲೆ ಕೊಲೋಸಿಯಂ, 10 ಸೆಂಟಿನ ಮೇಲೆ ಬೋಟಿಚೆಲ್ಲಿಯ ವೀನಸ್ಸಿನ ಮುಖ, 1 ಯೂರೋ ಮೇಲೆ ಕೈಕಾಲು ಚಾಚಿದ ಲಿಯೊನಾರ್ಡೊನ ಮನುಷ್ಯ. ಕ್ಯೂನಲ್ಲಿ ಅರ್ಧ ಗಂಟೆ ಕಳೆಯುತ್ತದೆ.

ನೇಪಲ್ಸ್: ಪೊಂಪೇ ಬೇಡ, ಹರ್ಕ್ಯುಲೇನಿಯಂ

ರೋಮಿನಿಂದ ಒಂದು ಗಂಟೆ ಹತ್ತು ನಿಮಿಷ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪೊಂಪೇ, ಹರ್ಕ್ಯುಲೇನಿಯಂ ಎರಡೂ ಊರು ಹೂತುಹೋದವು. ಪೊಂಪೇ ಸುಮಾರು 66 ಹೆಕ್ಟೇರ್, ನೆರಳಿಲ್ಲ, ಗಾಡಿಗಳು ಸವೆಸಿದ ಕಲ್ಲುಬೀದಿ. ಜನ ಹೆಚ್ಚಾಗಿ 2024ರ ನವೆಂಬರಿನಿಂದ ದಿನಕ್ಕೆ 20,000 ಮಂದಿಗೆ ಮಿತಿ ಹಾಕಿದ್ದಾರೆ. ಹರ್ಕ್ಯುಲೇನಿಯಂ ಚಿಕ್ಕದು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಹರಿದು ಬಂದ ಕುದಿಬೂದಿ ಮರವನ್ನು ಸುಟ್ಟು ಇದ್ದಿಲು ಮಾಡಿ ಹಾಗೇ ಉಳಿಸಿದೆ. ಬಾಗಿಲು, ತೊಲೆ, ಮಂಚ, ಮಹಡಿ ಎಲ್ಲ ಕಣ್ಣಿಗೆ ಕಾಣುತ್ತವೆ. ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷ, ಸ್ಟೇಷನ್ನಿನಿಂದ ಹೋಗುವಾಗ ಇಳಿಜಾರು, ಬರುವಾಗ ಅದೇ ಏರು. ರೈಲಿನಲ್ಲಿ ಜೇಬು, ಬ್ಯಾಗು ಜೋಪಾನ.

ಮಧ್ಯಾಹ್ನ ಪುರಾತತ್ವ ಮ್ಯೂಸಿಯಂ. ಬೆಳಿಗ್ಗೆ ಬಯಲು, ಮಧ್ಯಾಹ್ನ ಮ್ಯೂಸಿಯಂ ಅಂತ ಕ್ರಮ ತಿರುಗಿಸಬೇಕಾದ ಊರು ಇದೊಂದೇ, ಬಿಸಿಲಿನ ಕಾರಣಕ್ಕೆ. ಅಲ್ಲಿ ನಮಗೆ ಸಂಬಂಧಿಸಿದ್ದು ಒಂದಿದೆ. 1938ರಲ್ಲಿ ಪೊಂಪೇಯ ಮನೆಯೊಂದರಲ್ಲಿ ಸಿಕ್ಕ ದಂತದ ಪುಟ್ಟ ಹೆಣ್ಣುಮೂರ್ತಿ, ಮೈತುಂಬ ಒಡವೆ, ಅಕ್ಕಪಕ್ಕ ಇಬ್ಬರು ಸಖಿಯರು. ಭಾರತದಿಂದ ಹಡಗಿನಲ್ಲಿ ಹೋದದ್ದು. ‘ಪೊಂಪೇ ಲಕ್ಷ್ಮಿ’ ಅಂತ ಹೆಸರಾಗಿದೆ, ಯಕ್ಷಿ ಅನ್ನುವ ವಿದ್ವಾಂಸರೂ ಇದ್ದಾರೆ. ಆ ಕಾಲದ ವ್ಯಾಪಾರದ ಇನ್ನೊಂದು ತುದಿ ನಮ್ಮಲ್ಲೇ ಇದೆ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಅಜ್ಜನಿಗೆ ಇದನ್ನು ಮೊದಲೇ ಹೇಳಿಡಿ. ಹಾಗೇ ಇದನ್ನೂ ಹೇಳಿಡಿ: ಮೂರ್ತಿ ಇರುವುದು ‘ರಹಸ್ಯ ಕೋಣೆ’ಯಲ್ಲಿ, ಸುತ್ತ ಇರುವುದೆಲ್ಲ ಪೊಂಪೇಯ ಶೃಂಗಾರ ಚಿತ್ರಗಳು. ಮಾವ-ಸೊಸೆ ಒಟ್ಟಿಗೆ ಹೋಗುವುದೋ ಸರದಿಯಲ್ಲೋ ಅನ್ನುವುದು ಮನೆಯವರಿಗೆ ಬಿಟ್ಟದ್ದು.

ಹೊಟ್ಟೆಯ ವಿಷಯ

ಶಾಕಾಹಾರಿಗಳಿಗೆ ಇಟಲಿ ಸುಲಭ ಅನ್ನುತ್ತಾರೆ, ಅರ್ಧ ನಿಜ. ಮಿಲಾನಿನ ಹಳದಿ ಕೇಸರಿ ರಿಸೊಟ್ಟೊ ನೋಡಲು ಅನ್ನ, ಸಂಪ್ರದಾಯದ ಪ್ರಕಾರ ಬೇಯುವುದು ದನದ ಮಾಂಸದ ಸಾರಿನಲ್ಲಿ, ಎಲುಬಿನ ಮಜ್ಜೆಯೂ ಬೀಳುತ್ತದೆ. ರೋಮಿನ ಸುಪ್ಲಿ ಅನ್ನುವ ಅಕ್ಕಿ ಉಂಡೆಯಲ್ಲಿ ಮಾಂಸದ ಸಾಸ್ ಇರುತ್ತದೆ. ಪಾರ್ಮಿಜಾನೊ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಕಟ್ಟುನಿಟ್ಟಿನವರು ಅದನ್ನು ಬೇಡ ಅನ್ನಬೇಕು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಷೆ’ ಅಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಿ, ಮೀನು ಮಾಂಸವಲ್ಲ ಅನ್ನುವ ನಂಬಿಕೆ ಅಲ್ಲೂ ಇದೆ. ಮರಿನಾರಾ ಪಿಝ್ಝಾ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸೂ ಇಲ್ಲ.

ಪೀಸಾದಲ್ಲಿ ಚೆಚೀನಾ, ಟ್ಯೂರಿನ್ನಿನಲ್ಲಿ ಫರಿನಾತಾ ಅಂತ ಕೇಳಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಬೇರೇನಿಲ್ಲ. ಅಗಲ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸಿ ಕತ್ತರಿಸಿ ಕೊಡುತ್ತಾರೆ, ಅಂಚು ಗರಿಗರಿ, ನಡು ಮೆತ್ತಗೆ, ಮನೆಯ ದಪ್ಪನೆಯ ಕಡಲೆಹಿಟ್ಟಿನ ದೋಸೆಯ ರುಚಿಯೇ. ಮೇಲೆ ಮೆಣಸಿನ ಪುಡಿ ಉದುರಿಸಿಕೊಂಡರೆ ಅಮ್ಮ ಎರಡನೇ ತುಂಡು ಕೇಳುತ್ತಾರೆ.

ಹೋಟೆಲಿನಲ್ಲಿ ಕೂತರೆ ತಲೆಗೆ ಇಷ್ಟು ಅಂತ ಕೊಪೆರ್ತೊ, ಅಂದರೆ ಕೂತದ್ದಕ್ಕೆ ಶುಲ್ಕ, ಬಿಲ್ಲಿಗೆ ಸೇರುತ್ತದೆ, ಮೋಸವಲ್ಲ, ಮೆನುವಿನಲ್ಲೇ ಬರೆದಿರುತ್ತಾರೆ. ಕಾಫಿಯನ್ನು ಬಾರಿನ ಕಟ್ಟೆಯ ಹತ್ತಿರ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಆ ಕಾಫಿ ತೆಗೆದುಕೊಂಡರೆ ಶೌಚಾಲಯ ಬಳಸಲು ಬಿಡುತ್ತಾರೆ. ಸ್ಟೇಷನ್ನಿನ ಶೌಚಾಲಯಕ್ಕೆ ಒಂದು ಯೂರೋ ಕೊಡುವ ಬದಲು ಇದು ಲಾಭ. ಮಧ್ಯಾಹ್ನ ಎರಡೂವರೆ-ಮೂರಕ್ಕೆ ಅಡುಗೆಮನೆ ಮುಚ್ಚಿ ಮತ್ತೆ ತೆರೆಯುವುದು ಏಳರ ನಂತರ. ನಾಲ್ಕು ಗಂಟೆಗೆ ಹಸಿವು ಅನ್ನುವ ಮಕ್ಕಳನ್ನು ‘ಪಿಝ್ಝಾ ಆಲ್ ತಾಲ್ಯೊ’ ಅಂಗಡಿಗೆ ಕರೆದೊಯ್ಯಿರಿ. ಬೇಕಾದಷ್ಟು ಉದ್ದ ಬೆರಳಲ್ಲಿ ತೋರಿಸಿದರೆ ಕತ್ತರಿಸಿ, ತೂಕ ಹಾಕಿ, ಬಿಸಿಮಾಡಿ ಕೊಡುತ್ತಾರೆ. ಆಲೂಗಡ್ಡೆ-ರೋಸ್ಮೆರಿಯದು ಕೇಳಿ.